9ನೇ ಕಾಲಮ್ಮಿನ ರೈತ, 12ನೇ ಕಾಲಮ್ಮಿನ ರೈತ

ಪುಟ್ಟೇನಹಳ್ಳಿಯಲ್ಲಿ ಈಗ ಕೆರೆಯಿದೆ, ಅಚ್ಚುಕಟ್ಟಿಲ್ಲ. ಜೆ.ಪಿ. ನಗರದ 7ನೇ ಹಂತದ ಮನೆಗಳ ನಡುವೆ ಸಾಯುತ್ತಿದ್ದ ಈ ಕೆರೆಯನ್ನು 2010ರಿಂದ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಉಳಿಸಿಕೊಂಡರು. ಒಳ್ಳೆಯದೇ ಆಯಿತು. ಆದರೆ ಹಳೇ ಮೈಸೂರು ಸೀಮೆಯಲ್ಲಿ ಕೆರೆ ಅಂದರೆ ಬರೀ ನೀರಲ್ಲ. ಕೆರೆ ಕೆಳಗೆ ಗದ್ದೆ, ಗದ್ದೆಗೆ ನೀರು ಬಿಡಲು ನೀರುಗಂಟಿ. ಎಷ್ಟೋ ಊರುಗಳಲ್ಲಿ ಈ ನೀರುಗಂಟಿ ನಮ್ಮ ಕೇರಿಯವನು. ಯಾವ ಗದ್ದೆ ಯಾರ ಹೆಸರಲ್ಲಿದೆ, ಯಾವ ಗದ್ದೆಯನ್ನು ಯಾರು ಉಳುತ್ತಾರೆ, ಎರಡೂ ಅವನಿಗೆ ಗೊತ್ತಿತ್ತು. ಎರಡೂ ಒಂದೇ ಅಲ್ಲ ಅನ್ನುವುದು ಅವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಈಗ ಇದೇ ಬೆಂಗಳೂರಿನಲ್ಲಿ ಕೂತು ರೈತರಿಗಾಗಿ ಆ್ಯಪ್ ಮಾಡುತ್ತಾರೆ. ಸಣ್ಣ ರೈತರನ್ನೂ ಒಳಗೊಳ್ಳಬೇಕು ಅನ್ನುತ್ತಾರೆ. ಅದಕ್ಕೆ ಕನ್ನಡ ಹಾಕುತ್ತಾರೆ, ಅಕ್ಷರ ದಪ್ಪ ಮಾಡುತ್ತಾರೆ, ಓದು ಬಾರದವರಿಗೆ ಚಿತ್ರ ಹಾಕುತ್ತಾರೆ. ಬೇಡ ಅನ್ನುವವರು ಯಾರು? ಆದರೆ ನಾವು ಕೇಳುವ ಪ್ರಶ್ನೆ ಇದಕ್ಕೂ ಮೊದಲಿನದು. ಈ ಯಂತ್ರದ ಲೆಕ್ಕದಲ್ಲಿ ರೈತ ಅಂದರೆ ಯಾರು?

ಕತೆ ಕಾದಂಬರಿ ಓದುವಾಗ ಇಲ್ಲಿ ಯಾರ ದನಿ ಇಲ್ಲ ಎಂದು ಕೇಳುವುದನ್ನು ನಾವು ಕಲಿತಿದ್ದೇವೆ. ಸರ್ಕಾರದ ಕಾಗದವನ್ನೂ ಹಾಗೇ ಓದಬೇಕು. ಪಹಣಿಯನ್ನೇ ತೆಗೆದುಕೊಳ್ಳಿ. ಅದರ 9ನೇ ಕಾಲಮ್ಮಿನಲ್ಲಿ ಒಡೆಯನ ಹೆಸರು. 12ನೇ ಕಾಲಮ್ಮಿನಲ್ಲಿ ಸಾಗುವಳಿ ಮಾಡುವವನ ಹೆಸರು ಮತ್ತು ಬೆಳೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು 7ನೇ ನಮೂನೆ ಹಿಡಿದು ಭೂನ್ಯಾಯ ಮಂಡಳಿಗಳ ಮುಂದೆ ನಿಂತಾಗ ಅವರ ಕೈಹಿಡಿದದ್ದು ಈ 12ನೇ ಕಾಲಂ. ಅಲ್ಲಿ ಹೆಸರಿದ್ದವನಿಗೆ ದಾರಿಯಿತ್ತು. ಬರೆಯುವವನು ಅಲ್ಲೂ ಒಡೆಯನ ಹೆಸರನ್ನೇ ಬರೆದಿದ್ದರೆ, ಮೂರು ತಲೆಮಾರು ಉತ್ತವನೂ ಬರಿಗೈಲಿ ವಾಪಸ್ಸು ಬರಬೇಕಾಗಿತ್ತು. ಇನ್ನು ಜೀತದವನಿಗೆ, ಕೂಲಿಯವನಿಗೆ ಯಾವ ಕಾಲಮ್ಮೂ ಇರಲಿಲ್ಲ.

ಆ ಕಾನೂನಿನ ಇನ್ನೊಂದು ಮುಖವನ್ನೂ ನಾವು ಮುಚ್ಚಿಡಬಾರದು. ಸೈನಿಕ, ನಾವಿಕರಂಥ ಕೆಲವರನ್ನು ಬಿಟ್ಟು ಉಳಿದ ಯಾರೂ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವ ಹಾಗಿಲ್ಲ. ಕಾನೂನಿನಲ್ಲಿ ಗೇಣಿ ಸತ್ತಿತು, ಹೊಲದಲ್ಲಿ ಸಾಯಲಿಲ್ಲ. ವಾರಕ್ಕೆ ಮಾಡುವವರು, ಗುತ್ತಿಗೆಗೆ ಮಾಡುವವರು ಇವತ್ತೂ ಇದ್ದಾರೆ. ಮಾತು ಬಾಯಲ್ಲಿ, ಕಾಗದದಲ್ಲಿ ಏನೂ ಇಲ್ಲ. ಎಷ್ಟೋ ಪಹಣಿಗಳಲ್ಲಿ ಸಾಗುವಳಿಯ ಜಾಗದಲ್ಲಿ 'ಸ್ವಂತ' ಅಂತ ಇರುತ್ತದೆ. ಉಳುವವನನ್ನು ಒಡೆಯನನ್ನಾಗಿ ಮಾಡಲು ಹುಟ್ಟಿದ ಕಾನೂನಿನ ನೆರಳಲ್ಲೇ ಹೊಸ ಉಳುವವನು ಕಾಣೆಯಾಗಿದ್ದಾನೆ.

ಇದರ ಮೇಲೆ ಕಂಪ್ಯೂಟರ್ ಬಂತು. 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿತು. ಆರಂಭದಲ್ಲಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಇದು ಸಣ್ಣ ಮಾತಲ್ಲ, ಒಪ್ಪೋಣ. ಆದರೆ ಯಂತ್ರ ಹಳೇ ಕಾಗದದಲ್ಲಿದ್ದುದನ್ನೇ ನಕಲು ಮಾಡಿತು. ಸುಳ್ಳು ಬರೆದಿದ್ದ ಕಡೆ ಸುಳ್ಳು ಈಗ ಅಚ್ಚುಕಟ್ಟಾಗಿ ಮುದ್ರಣವಾಗಿ ಬರುತ್ತದೆ. ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರಿನ ಸುತ್ತಲ ಜಮೀನು ವ್ಯವಹಾರಗಳನ್ನು ನೋಡಿ, ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಕೊಳ್ಳುಗರಿಗೆ ಅನುಕೂಲವಾಯಿತು ಎಂದು ಬರೆದರು. ಪುಟ್ಟೇನಹಳ್ಳಿಯಂಥ ಊರುಗಳ ನೆನಪಿರುವವರಿಗೆ ಇದು ಆಶ್ಚರ್ಯದ ಮಾತಲ್ಲ.

ಈಗ ಅದೇ ಪಹಣಿಯ ಮೇಲೆ ಒಂದರ ಮೇಲೊಂದು ಅಟ್ಟ ಕಟ್ಟುತ್ತಿದ್ದಾರೆ. 'ಫ್ರೂಟ್ಸ್' ತಂತ್ರಾಂಶದಲ್ಲಿ ಆಧಾರ್ ಮತ್ತು ಪಹಣಿ ಸೇರಿಸಿ ರೈತನಿಗೆ ಒಂದು ಎಫ್‌ಐಡಿ ಸಂಖ್ಯೆ. ಬೆಂಬಲ ಬೆಲೆಗೆ ರಾಗಿ ಮಾರಲು ಆ ಸಂಖ್ಯೆ ಬೇಕು. 2019ರಲ್ಲಿ ಬಂದ ಪಿಎಂ-ಕಿಸಾನ್‌ನ ವರ್ಷದ 6,000 ರೂಪಾಯಿ ಜಮೀನು ಇದ್ದವರಿಗೆ ಮಾತ್ರ. 2020ರಲ್ಲಿ ಬೆಳೆ ಸಮೀಕ್ಷೆ ಆ್ಯಪ್ ಬಂತು. ರೈತನೇ ಹೊಲದಲ್ಲಿ ನಿಂತು ಬೆಳೆಯ ಫೋಟೋ ಹಾಕಬಹುದು ಅಂದರು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್ ಒಪ್ಪಿತು. ಗುರಿ 11 ಕೋಟಿ ರೈತರಿಗೆ ಗುರುತು ಸಂಖ್ಯೆ.

ಎರಡು ಎಕರೆ ವಾರಕ್ಕೆ ಹಿಡಿದು ರಾಗಿ ಬೆಳೆದ ಒಬ್ಬ ಹೆಣ್ಣುಮಗಳು ಈ ಅಟ್ಟ ಹತ್ತಲಿ ನೋಡೋಣ. "ಸರ್ವೆ ನಂಬರ್ ಹೇಳಮ್ಮ." ಹೇಳುತ್ತಾಳೆ. "ಪಹಣೀಲಿ ನಿನ್ನ ಹೆಸರಿಲ್ವಲ್ಲಮ್ಮ?" ಅಲ್ಲಿಗೆ ಮುಗಿಯಿತು. ಬಿತ್ತಿದವಳು ಅವಳು, ಕಳೆ ಕಿತ್ತವಳು ಅವಳು. ರಾಗಿ ಒಡೆಯನ ಸಂಖ್ಯೆಯಲ್ಲಿ ಮಾರಾಟವಾಗುತ್ತದೆ, ಹಣ ಅವನ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಥವಾ ಅವಳು ಸಾಹುಕಾರ ಹೇಳಿದ ಬೆಲೆಗೆ ಕೊಟ್ಟು ಬರುತ್ತಾಳೆ. ಆ್ಯಪು ಅವಳ ಜೊತೆ ಎಷ್ಟು ಚೆಂದದ ಕನ್ನಡ ಆಡಿದರೆ ಏನು ಬಂತು?

ಅವಳೊಬ್ಬಳೇ ಅಲ್ಲ. ತೀರಿಹೋದ ಅಪ್ಪನ ಹೆಸರಲ್ಲೇ ಪಹಣಿ ಉಳಿದು, ಪೌತಿ ಖಾತೆಗೆ ಅಲೆಯುತ್ತಿರುವವರಿದ್ದಾರೆ. 50, 53, 57ನೇ ನಮೂನೆ ಎಲ್ಲ ತುಂಬಿ ಬಗರ್‌ಹುಕುಂ ಜಮೀನಿನಲ್ಲಿ ಕಾಯುತ್ತಿರುವವರಿದ್ದಾರೆ. ಇವರಲ್ಲಿ ನಮ್ಮವರೆಷ್ಟು ಎಂದು ಬಿಡಿಸಿ ಹೇಳಬೇಕೆ? 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಶೇ. 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಪರಿಶಿಷ್ಟ ಜಾತಿಯವರ ಸಾಗುವಳಿಯಲ್ಲಿದ್ದದ್ದು ಒಟ್ಟು ಪ್ರದೇಶದ ಶೇ. 9ಕ್ಕೂ ಕಡಿಮೆ. ಹೆಂಗಸರ ಹೆಸರಿನ ಹಿಡುವಳಿ ಶೇ. 14. ಹೆಸರಿದ್ದವರ ಲೆಕ್ಕ ಇದು. ಹೆಸರಿಲ್ಲದವರನ್ನು ಎಣಿಸಿದವರು ಯಾರು?

ಕೆಲವು ಗೆಳೆಯರು ಅಂಜುತ್ತಾರೆ. "ಗುತ್ತಿಗೆಯವನ ಹೆಸರು ಬರೆದುಕೊಂಡರೆ ಒಡೆಯ ಮುಂದಿನ ವರ್ಷ ಜಮೀನೇ ಕೊಡಲ್ಲ" ಅನ್ನುತ್ತಾರೆ. ಈ ಅಂಜಿಕೆ ಸುಳ್ಳಲ್ಲ. ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾನೂನು ಮಾಡಿ, ಒಡೆತನ ಮುಟ್ಟದೆ 11 ತಿಂಗಳ ಕಾರ್ಡು ಕೊಟ್ಟಿತು. ಆದರೆ ಅದಕ್ಕೂ ಒಡೆಯನ ರುಜು ಬೇಕಾಯಿತು. ರುಜು ಕೇಳುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ? ಒಡಿಶಾ 2018ರ ಡಿಸೆಂಬರಿನಲ್ಲಿ 'ಕಾಲಿಯಾ' ಯೋಜನೆ ತಂದಾಗ ಪಾಲಿಗೆ ಮಾಡುವವರನ್ನೂ ಭೂಮಿಯಿಲ್ಲದ ಕೂಲಿ ಕುಟುಂಬಗಳನ್ನೂ ಸೇರಿಸಿಕೊಂಡಿತು. ಅಂದರೆ ಪಹಣಿ ಇಲ್ಲದೆಯೂ ಸರ್ಕಾರ ಉಳುವವನನ್ನು ಕಾಣಬಲ್ಲದು. ಯಂತ್ರಕ್ಕೆ ಆಗುವುದಿಲ್ಲ ಎಂಬ ಮಾತನ್ನು ನಾವು ನಂಬಬೇಕಾಗಿಲ್ಲ.

ಹಾಗಾಗಿ ನಮ್ಮ ಒತ್ತಾಯ ಇಷ್ಟು. ಆ್ಯಪಿನ ಮೊದಲ ಪ್ರಶ್ನೆ 'ಈ ಹಂಗಾಮಿನಲ್ಲಿ ಏನು ಬೆಳೆದಿದ್ದೀರಿ, ಎಲ್ಲಿ?' ಎಂದಿರಲಿ. ಬೆಳೆದವರು ಯಾರೆಂದು ಗ್ರಾಮಸಭೆ ಸಾಕ್ಷಿ ಹೇಳಲಿ, ಒಡೆಯನ ರುಜು ಬೇಡ. ಆ ದಾಖಲೆ ಬೆಳೆಗೆ, ವಿಮೆಗೆ, ಬೆಲೆಗೆ ಮಾತ್ರ. ಜಮೀನಿನ ಒಡೆತನಕ್ಕೆ ಅಲ್ಲ ಎಂದು ಕಾನೂನಿನಲ್ಲೇ ಬರೆಯಲಿ. ಅರ್ಜಿ ತಿರಸ್ಕರಿಸಿದರೆ ಯಾಕೆಂದು ಬರೆದುಕೊಡುವ ಒಬ್ಬ ಮನುಷ್ಯ ಪಂಚಾಯ್ತಿ ಕಚೇರಿಯಲ್ಲಿ ಕೂತಿರಲಿ. ಫೋನಿಲ್ಲದವನಿಗೆ ಕಾಗದದ ದಾರಿ ಮುಚ್ಚದಿರಲಿ.

ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಇದೆ. ನಿಮ್ಮೂರಿನ ಪಹಣಿಗಳನ್ನು ಮುಂದಿಟ್ಟುಕೊಂಡು ಕೇರಿಯಲ್ಲಿ ಕೂರಿ. ಒಂದೊಂದೇ ಸರ್ವೆ ನಂಬರ್ ಓದುತ್ತಾ ಇದನ್ನು ನಿಜಕ್ಕೂ ಉಳುವವರು ಯಾರು ಅಂತ ಕೇಳಿ, ಬರೆದುಕೊಳ್ಳಿ. ಒಪ್ಪದವರ ಹೆಸರನ್ನು ಹೊರಗೆ ಬಿಡಬೇಡಿ; ಎಣಿಕೆ ಸಾಕು. ನೀರುಗಂಟಿ ತನ್ನ ತಲೆಯಲ್ಲಿ ಇಟ್ಟುಕೊಂಡಿದ್ದ ಪಟ್ಟಿ ಅದು. ಅದನ್ನು ತೆಗೆದುಕೊಂಡು ಹೋಗಿ ಆ್ಯಪ್ ಮಾಡುವವರ ಮೇಜಿನ ಮೇಲೆ ಇಡೋಣ.