ನುಡಿ ಹಿಂದೆ ಸರಿದಾಗ: ‘ಆಫ್ಟರ್ ಫಾರೆವರ್’ ಗೀತೆಯ ಎರಡು ರೂಪಗಳು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ‘ಬ್ಲ್ಯಾಕ್ ಸಬ್ಬತ್’ ತಂಡದ ಹೆಸರು ಕೇಳಿದೊಡನೆ ಸೈತಾನನ ಆರಾಧನೆಯೆಂದು ತೀರ್ಪು ನೀಡುವುದು ಸುಲಭ. ಆದರೆ 1971ರಲ್ಲಿ ಹೊರಬಂದ ಈ ತಂಡದ ಮೂರನೆಯ ಆಲ್ಬಮ್ ‘ಮಾಸ್ಟರ್ ಆಫ್ ರಿಯಾಲಿಟಿ’ ಆ ಸುಲಭದ ತೀರ್ಪಿಗೆ ಒಗ್ಗುವುದಿಲ್ಲ. ಗಾಂಜಾವನ್ನು ಹೊಗಳುವ ‘ಸ್ವೀಟ್ ಲೀಫ್’ ಮುಗಿದೊಡನೆ, ದೇವರಲ್ಲಿ ವಿಶ್ವಾಸವಿಡುವಂತೆ ನೇರವಾಗಿ ಕರೆಯುವ ‘ಆಫ್ಟರ್ ಫಾರೆವರ್’ ಆರಂಭವಾಗುತ್ತದೆ. 2009ರ ಮರುಬಿಡುಗಡೆಯ ಎರಡನೆಯ ಡಿಸ್ಕಿನಲ್ಲಿ ಇದೇ ಕೃತಿ ಗಾಯನವಿಲ್ಲದೆ, ಕೇವಲ ವಾದ್ಯಗಳಲ್ಲಿ ದೊರೆಯುತ್ತದೆ. ವಿಶ್ವಾಸವನ್ನು ಸಾರುವ ಗೀತೆಯಿಂದ ನುಡಿಯನ್ನು ತೆಗೆದರೆ ಉಳಿಯುವುದೇನು? ನಮ್ಮ ವಿಮರ್ಶೆ ಈ ಪ್ರಶ್ನೆಗೆ ಸೀಮಿತವಾಗಿದೆ.

ಗೀತೆಯ ಸಾಹಿತ್ಯ ಗೀಜರ್ ಬಟ್ಲರ್ ಅವರದು; ಅವರು ಬೆಳೆದದ್ದು ಐರಿಷ್ ಮೂಲದ ಕಥೋಲಿಕ ಕುಟುಂಬದಲ್ಲಿ. ಸಾವಿನ ನಂತರ ಆತ್ಮದ ಗತಿಯೇನು, ವಿಶ್ವಾಸವನ್ನು ಒಪ್ಪಿಕೊಂಡರೆ ಗೆಳೆಯರು ಏನೆನ್ನುವರೋ ಎಂಬ ಅಂಜಿಕೆಯೇ ಎಂದು ಗೀತೆ ಕೇಳುಗನನ್ನು ಪ್ರಶ್ನಿಸುತ್ತದೆ. ಪೋಪರ ಕುರಿತು ಅದರಲ್ಲಿರುವ ಒರಟು ಪ್ರಶ್ನೆಯೂ ಅಣಕಿಸುವವರ ಎದುರು ಒಡ್ಡಿದ್ದೇ ಹೊರತು ಪೋಪರ ಮೇಲಿನ ದ್ವೇಷವಲ್ಲ. ಇಷ್ಟು ಧೈರ್ಯವನ್ನು ನಾವು ಮೆಚ್ಚಲೇಬೇಕು. ಆದರೂ ಒಂದು ಕೊರತೆ ಎದ್ದು ಕಾಣುತ್ತದೆ. ಕ್ರಿಸ್ತರನ್ನು ಶಿಲುಬೆಗೇರಿಸಿದ ಹೊಣೆಯನ್ನು ಗೀತೆಯು ‘ನಿನ್ನಂಥವರ’ ಮೇಲೆ ಹೊರಿಸುತ್ತದೆ; ಹಾಡುವವನು ಆ ಗುಂಪಿನಿಂದ ಹೊರಗೇ ನಿಲ್ಲುತ್ತಾನೆ. ಶುಭ ಶುಕ್ರವಾರದ ಆರಾಧನಾವಿಧಿಯಲ್ಲಿ ಪ್ರಭುವಿನ ದೂರು ತಟ್ಟುವುದು ಹಾಡುತ್ತಿರುವ ನಮ್ಮನ್ನೇ. ಇಲ್ಲಿ ಶಿಲುಬೆ ಆಪಾದನೆಯಾಗಿದೆ, ಕ್ಷಮೆಯಾಗಿಲ್ಲ.

ನಾದದ ಮಾತು ಬೇರೆ. ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ಹರೆಯದಲ್ಲಿ, ಲೋಹದ ತಗಡಿನ ಕಾರ್ಖಾನೆಯ ಅಪಘಾತವೊಂದರಲ್ಲಿ, ತಂತಿ ಒತ್ತುವ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ನೋವನ್ನು ತಗ್ಗಿಸಲು ಈ ಆಲ್ಬಮ್‌ನ ಹಲವು ಕೃತಿಗಳಲ್ಲಿ ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಇಳಿಸಿದರು. ಕೇಳುಗರಿಗೆ ಭೀಕರವೆನಿಸುವ ಆ ಗಂಭೀರ ನಾದದ ಹಿಂದೆ ಗಾಯಗೊಂಡ ಕೈಯೊಂದಿದೆ.

ಸಂತ ಅಗಸ್ಟೀನರು ತಮ್ಮ ‘ನಿವೇದನೆಗಳು’ ಕೃತಿಯ ಹತ್ತನೆಯ ಭಾಗದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡುಗಾರಿಕೆಗೇ ಮನಸೋತ ಸಂದರ್ಭಗಳನ್ನು ಪಾಪವೆಂದೇ ಒಪ್ಪಿಕೊಳ್ಳುತ್ತಾರೆ. ಅವರೇ ಕೀರ್ತನೆಗಳ ವ್ಯಾಖ್ಯಾನದಲ್ಲಿ, ನುಡಿಗೆ ನಿಲುಕದ ಆನಂದವು ಪದಗಳಿಲ್ಲದ ಹರ್ಷಧ್ವನಿಯಾಗಿ ದೇವರನ್ನು ಸ್ತುತಿಸುತ್ತದೆ ಎನ್ನುತ್ತಾರೆ. ಮರುಬಿಡುಗಡೆಯ ವಾದ್ಯರೂಪವನ್ನು ನಾವು ಈ ಎರಡೂ ಮಾತುಗಳ ನಡುವೆ ಇಟ್ಟು ಆಲಿಸಿದೆವು. ಅದು ಅಂಥ ಹರ್ಷಧ್ವನಿಯಲ್ಲ. ಗಾಯನವಿಲ್ಲದಿದ್ದರೆ ಅದು ಕ್ರಿಸ್ತರ ಕುರಿತಾದ ಕೃತಿಯೆಂದು ಅಪರಿಚಿತನೊಬ್ಬ ಹೇಳಲಾರ. ಆಲ್ಬಮ್‌ನ ಉಳಿದ ಕೃತಿಗಳ ಭಾರವೇ ಇಲ್ಲಿಯೂ ಇದೆ. ವಿಶ್ವಾಸವು ಆಲಿಸುವುದರಿಂದ ಹುಟ್ಟುತ್ತದೆಂದು ರೋಮನರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಬೋಧಿಸುವಾಗ, ಅಲ್ಲಿ ಆಲಿಸಬೇಕಾದದ್ದು ಸಾರಲ್ಪಟ್ಟ ವಾಕ್ಯವನ್ನೇ.

ಆದರೆ ನುಡಿಯೊಂದಿಗೆ ಆಪಾದನೆಯ ಬೆರಳೂ ಹಿಂದೆ ಸರಿದಿದೆ. ಗಾಯಕ ಆಜಿ ಆಸ್ಬೋರ್ನ್ ಅವರ ಧ್ವನಿ ಇರಬೇಕಾದೆಡೆ ಈಗ ಬಿಡುವಿದೆ, ‘ನಿನ್ನಂಥವರು’ ಎನ್ನುವವರಿಲ್ಲ. ಆ ಬಿಡುವಿನಲ್ಲಿ ಸಾವಿನ ಪ್ರಶ್ನೆ ನಮ್ಮತ್ತಲೇ ತಿರುಗಿತು. ಅದೇ ಡಿಸ್ಕಿನಲ್ಲಿ ‘ಸ್ವೀಟ್ ಲೀಫ್’ ಮತ್ತು ‘ಚಿಲ್ಡ್ರನ್ ಆಫ್ ದಿ ಗ್ರೇವ್’ ಬೇರೆಯೇ ಸಾಹಿತ್ಯದೊಂದಿಗೆ ದೊರೆಯುತ್ತವೆ. ಈ ತಂಡದಲ್ಲಿಯೂ ನುಡಿ ತಿದ್ದುಪಡಿಗೆ ತೆರೆದಿತ್ತೆಂಬುದಕ್ಕೆ ಅವು ಸಾಕ್ಷಿ. ‘ಆಫ್ಟರ್ ಫಾರೆವರ್’ ಗೀತೆಯ ‘ನೀನು’ ಕೂಡ ‘ನಾವು’ ಎಂದು ತಿದ್ದಲ್ಪಟ್ಟಿದ್ದರೆ ಎಂದು ನಾವು ಹಂಬಲಿಸದಿರಲಾಗಲಿಲ್ಲ.

ಆದ್ದರಿಂದ ಮರುಬಿಡುಗಡೆಯನ್ನು ಸಂಗ್ರಾಹಕರ ಹವ್ಯಾಸವೆಂದು ತಳ್ಳಿಹಾಕಲಾಗದು. ಮೊದಲು ವಾದ್ಯರೂಪವನ್ನೂ ಅನಂತರ ಮೂಲಗೀತೆಯನ್ನೂ ಆಲಿಸುವಂತೆ ಗುರುಮಠದ ವಿದ್ಯಾರ್ಥಿಗಳಿಗೆ ಸೂಚಿಸುತ್ತೇವೆ. ನುಡಿಯಿಲ್ಲದೆ ಸಾಕ್ಷ್ಯವಿಲ್ಲವೆಂಬುದು ಆಗ ಮನದಟ್ಟಾಗುತ್ತದೆ. ತನ್ನನ್ನು ಹೊರಗಿಟ್ಟುಕೊಂಡು ಆಡಿದ ಸತ್ಯ ಕೇಳುಗನನ್ನು ಹೇಗೆ ದೂರ ಸರಿಸುತ್ತದೆ ಎಂಬುದೂ ತಿಳಿಯುತ್ತದೆ. ಪ್ರಬೋಧನ ಪೀಠದಿಂದ ‘ನೀವು’ ಎಂದು ಆರಂಭಿಸುವ ನಮಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.