ಶೇಕಡಾ 87 ಫಿಲೊಡೆಂಡ್ರಾನ್

ಎರಡು ವರ್ಷದ ಮಗಳು ಬಾಲ್ಕನಿಯ ಬಳ್ಳಿಯ ಎಲೆ ಕಚ್ಚಿದಾಗ ನಾನು ಮಾಡಿದ ಮೊದಲ ಕೆಲಸ, ನಾಚಿಕೆಯಾದ್ರೂ ಹೇಳ್ತೀನಿ, ಮೊಬೈಲ್ ತೆಗೆದು ಎಲೆಯ ಫೋಟೊ ಹೊಡೆದದ್ದು. ಗಿಡ ಗುರುತಿಸುವ ಆ್ಯಪ್ 'ಫಿಲೊಡೆಂಡ್ರಾನ್, ಶೇಕಡಾ 87' ಅಂತು. ಬೆಳಕಿಗೆ ತಿರುಗಿಸಿ ಇನ್ನೊಂದು ಹೊಡೆದೆ. 'ಮನಿ ಪ್ಲಾಂಟ್, ಶೇಕಡಾ 91.' ಅಷ್ಟರಲ್ಲಿ ಮಗಳು ಅಳೋಕೆ ಶುರು ಮಾಡಿದ್ದಳು.

ಹೆಂಡತಿ ಊರಿಗೆ ವಿಡಿಯೊ ಕಾಲ್ ಮಾಡಿ ಅಮ್ಮನಿಗೆ ಬಳ್ಳಿ ತೋರಿಸಿದಳು. "ಅದು ಕೆಸುವಿನ ಜಾತಿದಲ್ವಾ, ಬಾಯಿ ತುರಿಸ್ತಿರ್ಬೇಕು ಮಗೂಗೆ. ಮೊದ್ಲು ಬಾಯಿ ತೊಳ್ಸಿ" ಅಂದರು ಅಮ್ಮ. ತೊಳೆಸಿ, ತಣ್ಣನೆ ಮೊಸರು ಕೊಟ್ಟು, ಡಾಕ್ಟರಿಗೆ ಫೋನ್ ಮಾಡಿದೆವು. ಸಂಜೆಗೆ ಸರಿಹೋದಳು.

ಹೆಸರು ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ. ಮನಿ ಪ್ಲಾಂಟ್ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರೇ ಅಲೆದಾಡಿದ್ದಾರೆ. 1880ರಲ್ಲಿ ಪೋಥೋಸ್ ಅಂದರು, ಆಮೇಲೆ ಸಿಂಡಾಪ್ಸಸ್, ಆಮೇಲೆ ರಾಫಿಡೊಫೋರಾ. 1964ರಲ್ಲಿ ಎಪಿಪ್ರೆಮ್ನಮ್ ಆಯಿತು. ಈ ಬಳ್ಳಿ ಹೂ ಬಿಡೋದೇ ಅಪರೂಪ, ಎಲೆಯೋ ಮಹಾ ಸುಳ್ಳುಗಾರ. ಕುಂಡದಲ್ಲಿ ಅಂಗೈಯಷ್ಟಿರುವ ಎಲೆ ನಮ್ಮ ತೋಟದಲ್ಲಿ ಅಡಿಕೆ ಮರ ಹತ್ತಿ ಮೊರದಗಲ ಆಗಿದೆ, ಅಂಚೆಲ್ಲ ಸೀಳಿಕೊಂಡಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಗಿಡ ಅಂತ ನೀವು ನಂಬಲ್ಲ.

ಸಿಟ್ಟು ಆ ಶೇಕಡಾದ ಮೇಲೆ. ಇಂಥ ಮಾಡೆಲ್‌ಗಳು ಸಾಮಾನ್ಯವಾಗಿ ತಮ್ಮ ಪಟ್ಟಿಯಲ್ಲಿರುವ ಹೆಸರುಗಳಿಗೇ ನೂರು ಅಂಕ ಹಂಚುತ್ತವೆ. ಪಟ್ಟಿಯಲ್ಲಿಲ್ಲದ ಗಿಡ ತೋರಿಸಿದರೂ ಆ ನೂರು ಯಾರಿಗಾದ್ರೂ ಹೋಗಲೇಬೇಕು. ಹೂವಿರುವ ಗಿಡವಾದರೆ ಆ್ಯಪ್ ಚೆನ್ನಾಗಿಯೇ ಹೇಳುತ್ತೆ, ಇಲ್ಲ ಅನ್ನಲ್ಲ. ಆದರೆ ಬರೀ ಎಲೆ ತೋರಿಸಿದಾಗ 'ತೊಟ್ಟು ಹೇಗಿದೆ?' ಅಂತ ಒಂದು ಪ್ರಶ್ನೆ ಕೇಳಬಾರದಾ? ತೊಟ್ಟಿನ ಮೇಲ್ಭಾಗದಲ್ಲಿ ಸಣ್ಣ ಕಾಲುವೆಯಂತಿದ್ದು ಎಲೆ ದಪ್ಪಗಿದ್ದರೆ ಮನಿ ಪ್ಲಾಂಟ್. ತೊಟ್ಟು ಉರುಟಾಗಿದ್ದು, ಹೊಸ ಎಲೆ ತೆಳು ಪೊರೆಯೊಳಗಿಂದ ಹೊರಬಂದರೆ ಅದರ ಜೊತೆ ಸದಾ ಗೊಂದಲವಾಗುವ ಹೃದಯದೆಲೆಯ ಫಿಲೊಡೆಂಡ್ರಾನ್. ಬೆರಳಲ್ಲಿ ಸವರಿದರೆ ಗೊತ್ತಾಗುವ ಸಂಗತಿ.

ಅವತ್ತು ನನಗೆ ಬೇಕಿದ್ದದ್ದು ಅದೂ ಅಲ್ಲ. ಎರಡೂ ಕೆಸು, ಸುವರ್ಣಗಡ್ಡೆಯ ಕುಟುಂಬದವೇ. ಎರಡರೊಳಗೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ, ಬಾಯಿ ಉರಿಯೋದು ಅದಕ್ಕೇ. ಪತ್ರೊಡೆಗೆ ಅಮ್ಮ ಹುಣಸೆಹುಳಿ ಧಾರಾಳ ಸುರಿಯೋದೂ ಈ ತುರಿಕೆಗೇ ಹೆದರಿ. ಶೇಕಡಾ 87 ಆಗಲಿ 91 ಆಗಲಿ, ಮಗುವಿಗೆ ಮಾಡಬೇಕಾದದ್ದು ಒಂದೇ ಆಗಿತ್ತು. ಆ್ಯಪ್ ಹೆಸರಿನ ಕೆಳಗೆ ತೋರಿಸಿದ್ದು ವಾರಕ್ಕೆಷ್ಟು ಸಲ ನೀರು, ಯಾವ ಸೈಜಿನ ಕುಂಡ. ವಿಷದ ಮಾಹಿತಿಯ ಮೇಲೆ ಬೀಗದ ಚಿತ್ರವಿತ್ತು; ದುಡ್ಡು ಕಟ್ಟಿದವರಿಗೆ ಮಾತ್ರ.

ರಾತ್ರಿ ಮಗಳು ಮಲಗಿದ ಮೇಲೆ ತೊಟ್ಟು ಸವರಿ ನೋಡಿದೆ. ಕಾಲುವೆ ಇತ್ತು, ಮನಿ ಪ್ಲಾಂಟೇ. ಈಗ ಅವಳ ಕೈಗೆಟುಕದ ಹಾಗೆ ಮೇಲೆ ನೇತುಹಾಕಿದ್ದೇವೆ. ಹತ್ತೋಕೆ ಮರ ಇಲ್ಲದೆ ಬಳ್ಳಿ ಕೆಳಗೆ ಜೋತುಬಿದ್ದಿದೆ, ಹೊಸ ಎಲೆಗಳು ಚಿಕ್ಕದಾಗುತ್ತಾ ಬರುತ್ತಿವೆ.