ಒತ್ತುವರಿ ಯಾರದು?

2016ರ ಡಿಸೆಂಬರ್ 7ರಂದು ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ಗುಡಿಸಲುಗಳನ್ನು ನೆಲಸಮ ಮಾಡಿತು. ಜೇನುಕುರುಬ, ಯರವ ಮೊದಲಾದ ಆದಿವಾಸಿಗಳ 500ಕ್ಕೂ ಹೆಚ್ಚು ಕುಟುಂಬಗಳು ಬಯಲಿಗೆ ಬಿದ್ದವು. ಕೊಡಗಿನ ಡಿಸೆಂಬರ್ ಚಳಿ ಎಂಥದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಈ ಕಾರ್ಯಕ್ಕೆ ಸರಕಾರಿ ಭಾಷೆಯಲ್ಲಿದ್ದ ಹೆಸರು 'ಒತ್ತುವರಿ ತೆರವು'. ನನ್ನ ತಕರಾರು ಈ ಪದದೊಂದಿಗೆ.

ಒತ್ತುವರಿ ಎಂದರೆ ಇರುವ ಬೇಲಿಯನ್ನು ಮುಂದಕ್ಕೆ ಸರಿಸುವುದು. ಬೇಲಿಯೇ ಇಲ್ಲದವನು ಏನನ್ನು ಸರಿಸಿಯಾನು? ದಿಡ್ಡಳ್ಳಿಯ ಜನರಲ್ಲಿ ಅನೇಕರು ಬಂದದ್ದು ಕಾಫಿ ತೋಟಗಳ ಲೈನ್ ಮನೆಗಳಿಂದ. ಲೈನ್ ಮನೆಯ ಸೂರು ಕೂಲಿಗೆ ಕಟ್ಟಿದ ಸೂರು. ಕೆಲಸ ಬಿಟ್ಟರೆ ಕೋಣೆ ಬಿಡಬೇಕು. ಮುಂಗಡ ಸಾಲವಿದ್ದರೆ ಕೆಲಸ ಬಿಡುವಂತೆಯೂ ಇಲ್ಲ. ಈ ಶತಮಾನದ ಆರಂಭದಲ್ಲಿ ಕಾಫಿ ಬೆಲೆ ಕುಸಿದಾಗ ಮಾಲೀಕರ ಸಂಕಟ ಸುದ್ದಿಯಾಯಿತು. ಲೈನ್ ಮನೆಯ ತಣ್ಣನೆಯ ಒಲೆ ಸುದ್ದಿಯಾಗಲಿಲ್ಲ. ದಿಡ್ಡಳ್ಳಿಯ ಗುಡಿಸಲುಗಳು ಬಿದ್ದದ್ದೂ ನೋಟು ರದ್ದಾಗಿ, ಬಡವರ ಕೈಯಲ್ಲಿ ಕಾಸು ಬರಿದಾಗಿದ್ದ ತಿಂಗಳಿನಲ್ಲಿಯೇ. ಆ ಜನ ಬಯಸಿದ್ದು ಕೇವಲ ನೆಲವನ್ನಲ್ಲ, ಯಜಮಾನನ ಅಪ್ಪಣೆಯಿಲ್ಲದೆ ಬಾಗಿಲು ತೆರೆಯುವ ಸ್ವಾತಂತ್ರ್ಯವನ್ನು.

ಇಲಾಖೆಗೂ ತನ್ನ ವಾದವಿತ್ತು. ಅದು ಮೀಸಲು ಅರಣ್ಯ ಎಂದು ಅಧಿಕಾರಿಗಳು, ಪೈಸಾರಿ ಜಾಗ ಎಂದು ನಿವಾಸಿಗಳು ವಾದಿಸಿದರು. ಕಾಡು ಉಳಿಯಬೇಕು, ಆನೆಗೂ ದಾರಿ ಬೇಕು, ಇದನ್ನು ಅಲ್ಲಗಳೆಯಲಾಗದು. ಆದರೆ ಕಾಡಿನ ಮೇಲಿನ ಈ ಕಾಳಜಿ ಎಲ್ಲರ ಬೇಲಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯಿತೇ? ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸರಕಾರಿ ಭೂಮಿಯನ್ನು ಅನಧಿಕೃತವಾಗಿ ತೋಟ ಮಾಡಿಕೊಂಡವರಿಗೆ 25 ಎಕರೆಯವರೆಗೆ, 30 ವರ್ಷಗಳ ಗುತ್ತಿಗೆ ನೀಡಲು ರಾಜ್ಯವು ಕಾನೂನನ್ನೇ ತಿದ್ದಿತು. ಬೆಳೆಗಾರರಿಗೂ ಸಾಲವಿದೆ, ಕಷ್ಟವಿದೆ. ಗುತ್ತಿಗೆ ಅವರಿಗೆ ನೆಮ್ಮದಿ ತಂದರೆ ಸಂತೋಷವೇ. ಆದರೆ ಎಕರೆಗಟ್ಟಲೆ ಹಿಡಿದವನಿಗೆ ಗುತ್ತಿಗೆ ಪತ್ರ, ಒಂದು ಗುಡಿಸಲಿನಷ್ಟು ಹಿಡಿದವನಿಗೆ ಜೆಸಿಬಿ ಎಂದಾದರೆ ನ್ಯಾಯದ ತಕ್ಕಡಿ ಎತ್ತ ವಾಲಿದೆ?

ಜೆ.ಕೆ. ಮುತ್ತಮ್ಮನವರಂತಹ ಆದಿವಾಸಿ ಮಹಿಳೆಯರು ಮುಂಚೂಣಿಯಲ್ಲಿದ್ದ ಹೋರಾಟ ವ್ಯರ್ಥವಾಗಲಿಲ್ಲ. ಅಂದಿನ ಸೋಮವಾರಪೇಟೆ ತಾಲ್ಲೂಕಿನ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಸರಕಾರ ಪುನರ್ವಸತಿ ಕಲ್ಪಿಸಿತು. ಸೂರು ದೊರೆತದ್ದು ಸಣ್ಣ ಮಾತಲ್ಲ. ಅದರ ಶ್ರೇಯಸ್ಸು ಸರಕಾರಕ್ಕೂ ಸಲ್ಲಬೇಕು. ಆದರೆ ಬಲ್ಲ ಕಾಡು, ಬಲ್ಲ ಕೆಲಸ, ಬಲ್ಲ ನೆರೆಹೊರೆ ದೂರವೇ ಉಳಿದವು. ಗೋಡೆಗಳನ್ನು ಎಣಿಸಿ ಮನೆಗಳ ಲೆಕ್ಕ ಮುಗಿಸುವುದು ನಮ್ಮ ಪುನರ್ವಸತಿ ಚಿಂತನೆಯ ಹಳೆಯ ದೋಷ. 2025ರ ಮೇ ತಿಂಗಳಿನಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ನೆಲವೆಂದು ಹಿಂದಿರುಗಿದ್ದು ಇದೇ ಪಾಠವನ್ನು ಮತ್ತೆ ಹೇಳಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸಬಾರದು. ಕಾಯ್ದೆ ಬಂದು ಹಲವು ವರ್ಷಗಳಾದವು. ಅರ್ಜಿ ಹಿಡಿದ ಕೈಗಳು ಇನ್ನೂ ಕಾಯುತ್ತಿವೆ.

ನಮ್ಮ ಧರ್ಮಕೇಂದ್ರಗಳಲ್ಲಿ ತೋಟದ ಮಾಲೀಕರೂ ಲೈನ್ ಮನೆಯವರೂ ಒಂದೇ ಬಲಿಪೀಠದ ಮುಂದೆ ಮಂಡಿಯೂರುತ್ತಾರೆ. ಗುರುಗಳು ಇಬ್ಬರ ಮನೆಯನ್ನೂ ಆಶೀರ್ವದಿಸುತ್ತಾರೆ. ಒಬ್ಬರದು ಮನೆ, ಇನ್ನೊಬ್ಬರದು ಕೆಲಸ ಇರುವವರೆಗಿನ ಕೋಣೆ. ಮುಂದಿನ ಸಲ 'ಒತ್ತುವರಿದಾರ' ಎಂಬ ಮಾತು ನಮ್ಮ ನಾಲಿಗೆಗೆ ಬಂದಾಗ, ಆ ವ್ಯಕ್ತಿ ಯಾವ ಬಾಗಿಲಿನಿಂದ ಹೊರಟು ಬಂದನೆಂದು ಒಂದು ಕ್ಷಣ ವಿಚಾರಿಸೋಣ. ಆ ಬಾಗಿಲು ನಮ್ಮದೇ ತೋಟದ್ದಾಗಿರಲೂಬಹುದು.